ಲೇಸರ್‌ಗೆ ಮುಂಚಿನ ಹದಿನೈದು ತಿಂಗಳು: ಮೊಡವೆ ಗುಳಿಗಳ ಒಂದು ಪ್ರಕರಣ

ಕಾಫಿ ತೋಟದಲ್ಲಿ ರೈಟರ್ (ಹಾಜರಿ, ತೂಕ ಬರೆದುಕೊಂಡು ಕೆಲಸ ನೋಡಿಕೊಳ್ಳುವವನು) ಆಗಿರುವ ಹುಡುಗನೊಬ್ಬನ ಮುಖದ ಚಿಕಿತ್ಸೆಯ ವಿವರ ಇದು. ವಯಸ್ಸು 24. ಊರು ಸುಂಟಿಕೊಪ್ಪದ ಕಡೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿಷಯಗಳನ್ನು ಬಿಟ್ಟಿದ್ದೇನೆ.

ಮಡಿಕೇರಿಯಲ್ಲಿ ಚರ್ಮದ ಡಾಕ್ಟರಾಗಿ ಕೆಲಸ ಮಾಡುವ ನನಗೆ ಮೊಡವೆ ಹೊಸದಲ್ಲ. ಆದರೆ "ಲೇಸರ್ ಮಾಡಿಸಿದ್ರೆ ಗುಳಿ ಹೋಗುತ್ತಾ ಮೇಡಂ?" ಎಂದು ಕೇಳಿಕೊಂಡು ಬರುವವರು ಈಗೀಗ ಜಾಸ್ತಿಯಾಗಿದ್ದಾರೆ. ಅವರಿಗೆಲ್ಲ ನಾನು ಹೇಳಬೇಕಾದದ್ದು ಈ ಒಬ್ಬನ ಮುಖದಲ್ಲೇ ಇತ್ತು. ಲೇಸರ್ ಕೊನೆಗೆ ಬರುವ ಕೆಲಸ. ಅದಕ್ಕೆ ಮುಂಚೆ ಆಗಬೇಕಾದ್ದು ಆಗದಿದ್ದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಮುಖ ಕೆಡುತ್ತದೆ. ಈ ಹುಡುಗನಿಗೆ ಹಾಗೇ ಆಗಿತ್ತು.

ಬಂದಾಗ ಹೇಗಿದ್ದ

ಅದು ಮಾರ್ಚ್ ಕೊನೆ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ತಾಯಿಯ ಜೊತೆ ಬಂದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ, ಮೇಲೆ ಮಾಸ್ಕ್ ಬೇರೆ. ತಾಯಿಯೇ ಮಾತು ಶುರು ಮಾಡಿದರು. "ಮೇಡಂ, ಇವನಿಗೆ ಲೇಸರ್ ಮಾಡಿಸಿದ್ವಿ. ಗುಳಿ ಹಾಗೇ ಉಳೀತು, ಮುಖ ಇನ್ನೂ ಕಪ್ಪಾಯ್ತು."

ಮಾಸ್ಕ್ ತೆಗೆದಾಗ ಎರಡೂ ಕೆನ್ನೆಯ ಮೇಲೆ ಕಂದು ಬಣ್ಣದ ಚೌಕ ಚೌಕ ಗುರುತುಗಳು ಕಂಡವು. ಲೇಸರ್ ಯಂತ್ರದ ತುದಿ ಒಂದೊಂದು ಸಲ ಕೂತ ಜಾಗ ಅಷ್ಟಷ್ಟೇ ಚೌಕವಾಗಿ ಕಪ್ಪಾಗಿತ್ತು. ನಡುವೆ ಕೆಂಪಗಿನ ಹೊಸ ಮೊಡವೆಗಳು. ಕೆಳಗೆ ಹಳೆಯ ಗುಳಿಗಳು. ಕೆನ್ನೆಯ ಚರ್ಮ ತೆಳ್ಳಗಾಗಿ ಹೊಳೆಯುತ್ತಿತ್ತು, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸಿದ್ದು.

ಅವನ ಕೆಲಸದ ಬಗ್ಗೆ ಕೇಳಿದೆ. ಬೆಳಿಗ್ಗೆ ಚೆಕ್ ರೋಲ್‌ನಲ್ಲಿ ಹಾಜರಿ ಹಾಕಬೇಕು. ಹಗಲು ತೋಟದಲ್ಲಿ ಓಡಾಟ. ಸಂಜೆ ಕೊಯ್ದ ಹಣ್ಣನ್ನು ತೂಕ ಹಾಕಿಸಿ ಬರೆದುಕೊಳ್ಳಬೇಕು. ಆ ತೂಕದ ಹೊತ್ತೇ ಅವನಿಗೆ ಕಷ್ಟ. ಒಬ್ಬೊಬ್ಬರಾಗಿ ಚೀಲ ತಂದು ಇಡುತ್ತಾರೆ, ಎದುರು ನಿಲ್ಲುತ್ತಾರೆ, ಕಿಲೋ ಎಷ್ಟಾಯಿತು ಎಂದು ಮುಖ ನೋಡಿ ಕೇಳುತ್ತಾರೆ. "ಪುಸ್ತಕದಿಂದ ತಲೆ ಎತ್ತೋದೇ ಇಲ್ಲ ಮೇಡಂ," ಅಂದ. ತೋಟದ ಕೆಲಸದವರ ಲೈನ್ ಮನೆಯ ಒಂದು ಪುಟ್ಟ ಮಗು "ರೈಟ್ರೇ, ನಿಮ್ಮ ಮುಖಕ್ಕೆ ಏನಾಯ್ತು?" ಎಂದು ಕೇಳಿತ್ತಂತೆ. ಅದನ್ನು ಹೇಳುವಾಗ ಅವನ ದನಿ ಸಣ್ಣಗಾಯಿತು.

ಮೊಡವೆ ಗುಳಿ ಜೀವಕ್ಕೆ ಅಪಾಯವಲ್ಲ, ನಿಜ. ಆದರೆ ಇದು ಬರೀ ಅಂದದ ವಿಷಯ ಎಂದು ಪಕ್ಕಕ್ಕಿಡುವವರನ್ನು ನಾನು ಒಪ್ಪುವುದಿಲ್ಲ. ದುಡಿಯುವ ವಯಸ್ಸಿನ ಒಬ್ಬ ಹುಡುಗ ದಿನವೂ ಜನರ ಮುಖ ನೋಡಲಾಗದೆ ಕೆಲಸ ಮಾಡುತ್ತಿದ್ದರೆ ಅದು ಕಾಯಿಲೆಯೇ.

ಹಿಂದಿನ ಎಂಟು ವರ್ಷ

ಮೊಡವೆ ಶುರುವಾಗಿದ್ದು 16ನೇ ವಯಸ್ಸಿಗೆ. ಅಜ್ಜಿ ತೆಂಗಿನೆಣ್ಣೆ ಹಚ್ಚಿದರು. ತೆಂಗಿನೆಣ್ಣೆ ಕೈಕಾಲಿಗೆ ಒಳ್ಳೆಯದು. ಮೊಡವೆ ಇರುವ ಮುಖಕ್ಕೆ ಬೇಡ, ರೋಮದ ರಂಧ್ರ ಕಟ್ಟುತ್ತದೆ. ಆಮೇಲೆ ಯಾರೋ ಕಾಚಂಪುಳಿ ಹಚ್ಚು ಅಂದರು. ಪಂದಿಕರಿಗೆ ಹಾಕುವ ಆ ಕಪ್ಪು ಹುಳಿ ಎಷ್ಟು ತೀಕ್ಷ್ಣ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕೆನ್ನೆ ಸುಟ್ಟು ಸಿಪ್ಪೆ ಎದ್ದಿತ್ತು. ಪಂದಿ ಮಾಂಸ ತಿನ್ನೋದು ಬಿಡು, ಮೊಡವೆ ಹೋಗುತ್ತೆ ಎಂದವರೂ ಇದ್ದರು. ಅವನು ಎರಡು ವರ್ಷ ಬಿಟ್ಟೂ ನೋಡಿದ, ಏನೂ ಆಗಲಿಲ್ಲ. ಆಹಾರದಲ್ಲಿ ಮೊಡವೆಗೆ ನಂಟು ಕಂಡಿರುವುದು ಹೆಚ್ಚಾಗಿ ಸಕ್ಕರೆ, ಮೈದಾದಂಥ ಬೇಗ ರಕ್ತಕ್ಕೆ ಸೇರುವ ಪದಾರ್ಥಗಳಿಗೆ, ಸ್ವಲ್ಪ ಮಟ್ಟಿಗೆ ಹಾಲಿಗೆ.

ಇದೆಲ್ಲ ನಡೆಯುವಾಗ ಒಳಗೆ ಮೊಡವೆ ತನ್ನ ಕೆಲಸ ಮಾಡುತ್ತಲೇ ಇತ್ತು. ದೊಡ್ಡ ಮೊಡವೆ ಚರ್ಮದ ಆಳದಲ್ಲಿ ಉರಿಯೂತ ಎಬ್ಬಿಸಿದಾಗ ಚರ್ಮಕ್ಕೆ ಬಲ ಕೊಡುವ ಕೊಲ್ಯಾಜನ್ ಎಂಬ ಪ್ರೋಟೀನ್ ಅಲ್ಲಿ ಹಾಳಾಗುತ್ತದೆ. ವಾಸಿಯಾಗುವಾಗ ಹಾಳಾದಷ್ಟು ತುಂಬಿಕೊಳ್ಳದಿದ್ದರೆ ಅಲ್ಲಿ ಗುಳಿ. ಮೊಡವೆಗೆ ಸರಿಯಾದ ಚಿಕಿತ್ಸೆ ತಡವಾದಷ್ಟೂ ಗುಳಿ ಬೀಳುವುದು ಜಾಸ್ತಿ. ಮೊದಲ ವರ್ಷವೇ ಅವನನ್ನು ಸರಿಯಾದ ಕಡೆ ತೋರಿಸಿದ್ದರೆ ಇಷ್ಟು ದೊಡ್ಡ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

20ನೇ ವಯಸ್ಸಿಗೆ ಒಬ್ಬ ಗೆಳೆಯ ಒಂದು ಟ್ಯೂಬ್ ಕೊಟ್ಟ. ಒಂದು ವಾರದಲ್ಲಿ ಮುಖ ತಿಳಿಯಾಯಿತು, ಮೊಡವೆ ಅಡಗಿತು. ಖುಷಿಯಾಯಿತು. ಮುಗಿದಾಗ ಔಷಧಿ ಅಂಗಡಿಗೆ ಖಾಲಿ ಟ್ಯೂಬ್ ಹಿಡಿದುಕೊಂಡು ಹೋದ, ಅದೇ ಸಿಕ್ಕಿತು. ಆ ಖಾಲಿ ಟ್ಯೂಬನ್ನು ತಾಯಿ ನನಗೂ ತೋರಿಸಿದರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿದ ಕ್ರೀಮ್. ಮೊದಲನೆಯದು ಸ್ಟೀರಾಯ್ಡ್. ಚರ್ಮ ಬೆಳ್ಳಗಾಗಲಿ ಎಂದು ನಮ್ಮ ದೇಶದಲ್ಲಿ ಇಂಥ ಕ್ರೀಮ್‌ಗಳನ್ನು ಎಷ್ಟು ಮಂದಿ ಹಚ್ಚಿಕೊಂಡರು ಎಂದರೆ, 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮವನ್ನೇ ಬದಲಿಸಬೇಕಾಯಿತು. ನಿಯಮ ಇದೆ. ಟ್ಯೂಬ್ ಸಿಗುವುದು ನಿಂತಿಲ್ಲ.

ಸ್ಟೀರಾಯ್ಡ್ ಮೊದಲು ಕೆಂಪು ಇಳಿಸುತ್ತದೆ, ಆಮೇಲೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ರಕ್ತನಾಳ ಹಿಗ್ಗುತ್ತದೆ. ಬಿಟ್ಟ ಕೂಡಲೇ ಮೊಡವೆ ಇಮ್ಮಡಿಯಾಗಿ ಏಳುತ್ತದೆ. ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ಇವನು ಹೀಗೇ ಮೂರು ವರ್ಷ ಹಚ್ಚಿದ್ದ.

ಆ ಮುಖದ ಮೇಲೆಯೇ ಹೊರ ಜಿಲ್ಲೆಯ ಒಂದು ಕ್ಲಿನಿಕ್‌ನಲ್ಲಿ ಲೇಸರ್ ಮಾಡಿದ್ದರು. ಡಿಸೆಂಬರ್, ಜನವರಿ, ಫೆಬ್ರವರಿ, ತಿಂಗಳಿಗೊಂದು. ಮೂರಕ್ಕೆ ಸೇರಿ ಮುಂಗಡ ದುಡ್ಡು ಕಟ್ಟಿಸಿಕೊಂಡಿದ್ದರಂತೆ. ಯಾವ ಕ್ರೀಮ್ ಹಚ್ಚುತ್ತೀಯ ಎಂದು ಕೇಳಲಿಲ್ಲ. ಹೊಸ ಮೊಡವೆ ಇದ್ದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏನು ಕೆಲಸ ಮಾಡುತ್ತೀಯ, ಬಿಸಿಲಲ್ಲಿ ಎಷ್ಟು ಹೊತ್ತು ಇರುತ್ತೀಯ ಎಂಬುದನ್ನೂ ಕೇಳಲಿಲ್ಲ. ಆ ಮೂರೇ ಪ್ರಶ್ನೆ ಕೇಳಿದ್ದರೂ ಸಾಕಿತ್ತು ಎನ್ನುವುದು ನನ್ನ ಸಂಕಟ.

ಬಿಸಿಲಿನ ಬಗ್ಗೆ ಕೇಳಿದಾಗ ಅವನು ಮೊದಲು ಒಪ್ಪಲಿಲ್ಲ. "ತೋಟದಲ್ಲಿ ಎಲ್ಲಾ ಕಡೆ ಮರದ ನೆರಳೇ ಅಲ್ವಾ ಮೇಡಂ?" ಅಂದ. ಸರಿ. ಆದರೆ ಕೊಯ್ದ ಹಣ್ಣು ಎಲ್ಲಿ ಒಣಗುತ್ತದೆ? ಕಣದಲ್ಲಿ. ಕಣಕ್ಕೆ ನೆರಳು ಬಂದರೆ ಕಾಫಿ ಒಣಗುವುದಿಲ್ಲ. ಹರಡಿಸುವುದು, ತಿರುವಿಸುವುದು, ಸಂಜೆ ಗುಡ್ಡೆ ಹಾಕಿಸಿ ಮುಚ್ಚಿಸುವುದು, ಎಲ್ಲಕ್ಕೂ ರೈಟರ್ ನಿಂತಿರಬೇಕು. ಜನವರಿಯಿಂದ ಮಾರ್ಚ್‌ವರೆಗೆ ಸಿಮೆಂಟಿನ ಕಣದ ಮೇಲೆ ಮಟಮಟ ಮಧ್ಯಾಹ್ನ. ಮೇಲಿನಿಂದಲೂ ಬಿಸಿಲು, ನೆಲದಿಂದ ಎದ್ದು ಬರುವುದೂ ಬಿಸಿಲು. ಲೇಸರ್ ಮಾಡಿಸಿಕೊಂಡ ನಾಲ್ಕನೇ ದಿನಕ್ಕೇ ಅವನು ಕಣದಲ್ಲಿದ್ದ.

ನಮ್ಮ ಬಣ್ಣದ ಚರ್ಮಕ್ಕೆ ಒಂದು ಗುಣ ಇದೆ. ಗಾಯ, ಸುಟ್ಟಿದ್ದು, ಉರಿ, ಏನಾದರೂ ಆದರೆ ಅಲ್ಲಿ ಕಪ್ಪು ಬಣ್ಣದ ಮೆಲನಿನ್ ಜಾಸ್ತಿ ಸುರಿಯುತ್ತದೆ. ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮತಜ್ಞರು 1975ರಲ್ಲಿ ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ವಿಂಗಡಣೆ ಶುರು ಮಾಡಿದರು. ಈಗ ಅದರಲ್ಲಿ ಆರು ಬಗೆ ಇವೆ. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದರಲ್ಲಿ ಬರುತ್ತಾರೆ. ಇವನದು ಐದು. ಈ ಬಗೆಗೆ ಲೇಸರ್ ಮಾಡಬಾರದು ಎಂದೇನಿಲ್ಲ. ಬಿಳಿಯರ ಮುಖಕ್ಕೆ ಇಡುವ ಲೆಕ್ಕವನ್ನೇ ಇಟ್ಟು ಮಾಡಬಾರದು, ಅಷ್ಟೇ.

ಗುಳಿಗಳನ್ನು ಓದಿದ್ದು

ಮೊದಲ ದಿನ ನಾನು ಚಿಕಿತ್ಸೆಯ ಮಾತು ಎತ್ತುವ ಮುಂಚೆ ಕೋಣೆಯ ದೀಪ ಆರಿಸಿದೆ. ಟಾರ್ಚನ್ನು ಕೆನ್ನೆಯ ಪಕ್ಕದಿಂದ, ಚರ್ಮಕ್ಕೆ ಸಮನಾಗಿ ಹಿಡಿದೆ. ಎದುರಿನಿಂದ ಬೆಳಕು ಬಿಟ್ಟರೆ ಎಲ್ಲಾ ಗುಳಿಯೂ ಒಂದೇ ಥರ ಕಾಣುತ್ತದೆ. ಪಕ್ಕದಿಂದ ಬಿಟ್ಟಾಗ ನೆರಳು ಬೀಳುತ್ತದೆ, ಯಾವುದು ಎಷ್ಟು ಆಳ, ಯಾವುದರ ಅಂಚು ಹೇಗಿದೆ ಎಂದು ಗೊತ್ತಾಗುತ್ತದೆ. ತಾಯಿಗೂ ಕರೆದು ತೋರಿಸಿದೆ. ಕನ್ನಡಿ ಕೊಟ್ಟು ಅವನಿಗೂ ತೋರಿಸಿದೆ. ಅವನು ಟಾರ್ಚ್ ಇಸಿದುಕೊಂಡು ತಾನೇ ಮತ್ತೊಂದು ಕೆನ್ನೆ ನೋಡಿಕೊಂಡ.

ಮೂಗಿನ ಪಕ್ಕ ಮತ್ತು ಕೆನ್ನೆಯ ಒಳಭಾಗದಲ್ಲಿ ಸೂಜಿ ಚುಚ್ಚಿದಂಥ ಕಿರಿದಾದ, ಆಳವಾದ ತೂತುಗಳು. ಬಾಯಿ ಎರಡು ಮಿಲಿಮೀಟರ್ ಕೂಡ ಇಲ್ಲ, ಬುಡ ಮಾತ್ರ ಒಳಚರ್ಮದ ಆಳದಲ್ಲಿ. ಇವಕ್ಕೆ ಐಸ್ ಪಿಕ್ ಎನ್ನುತ್ತೇವೆ. ಕೆನ್ನೆಯ ನಡುವೆ ಮತ್ತು ಕಿವಿಯ ಹತ್ತಿರದ ಕಣತಲೆಯಲ್ಲಿ ಅಂಚು ಕತ್ತರಿಸಿಟ್ಟಂತಿರುವ, ತಳ ಚಪ್ಪಟೆಯಾದ ಗುಂಡಿಗಳು. ಇವು ಬಾಕ್ಸ್ ಕಾರ್. ಕೆನ್ನೆಯ ಕೆಳಭಾಗದಲ್ಲಿ ಅಗಲವಾದ, ಅಂಚೇ ಇಲ್ಲದ ತಗ್ಗುಗಳು. ಇವು ರೋಲಿಂಗ್. ಚರ್ಮವನ್ನು ಎರಡು ಬೆರಳಿನಿಂದ ಎಳೆದು ಹಿಡಿದಾಗ ಈ ಕೊನೆಯವು ಬಹುತೇಕ ಮಾಯವಾದವು, ಐಸ್ ಪಿಕ್‌ಗಳು ಅಲ್ಲಾಡಲಿಲ್ಲ. ಹೀಗೆ ಮೂರಾಗಿ ವಿಂಗಡಿಸುವ ಕ್ರಮ 2001ರಿಂದ ಬಳಕೆಯಲ್ಲಿದೆ.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಸುಮ್ನೆ ಅಲ್ಲ. ಮೂರಕ್ಕೂ ಮದ್ದು ಬೇರೆ. ರೋಲಿಂಗ್ ತಗ್ಗಿನಲ್ಲಿ ಚರ್ಮವನ್ನು ಕೆಳಗಿನಿಂದ ನಾರಿನ ಎಳೆಗಳು ಹಿಡಿದು ಎಳೆದಿರುತ್ತವೆ. ಆ ಎಳೆ ಕತ್ತರಿಸದೆ ಮೇಲೆ ಎಷ್ಟು ಲೇಸರ್ ಬಿಟ್ಟರೂ ಚರ್ಮ ಮೇಲೇಳುವುದಿಲ್ಲ. ಐಸ್ ಪಿಕ್‌ನ ಬುಡಕ್ಕೆ ಲೇಸರ್‌ನ ಕೆಲಸ ಸರಿಯಾಗಿ ತಲುಪುವುದಿಲ್ಲ. ಲೇಸರ್‌ಗೆ ಚೆನ್ನಾಗಿ ಬಗ್ಗುವುದು ಆಳ ಕಡಿಮೆಯಿರುವ ಬಾಕ್ಸ್ ಕಾರ್. ಅಂದರೆ ಹಿಂದಿನ ಮೂರು ಸಲದ ಲೇಸರ್ ಮುಖದ ಅರ್ಧಕ್ಕಿಂತ ಹೆಚ್ಚು ಗುಳಿಗಳಿಗೆ ಸಂಬಂಧವೇ ಇಲ್ಲದ್ದು.

ಗುಡ್‌ಮನ್ ಮತ್ತು ಬ್ಯಾರನ್ ಎಂಬ ತಜ್ಞರು 2006ರಲ್ಲಿ ಕೊಟ್ಟ ನಾಲ್ಕು ದರ್ಜೆಯ ಅಳತೆ ಇದೆ. ಅದರ ಪ್ರಕಾರ 50 ಸೆಂಟಿಮೀಟರ್ ದೂರದಿಂದ ನೋಡಿದಾಗ ಗುಳಿ ಎದ್ದು ಕಾಣದಿದ್ದರೆ ಎರಡನೇ ದರ್ಜೆ. ಎದ್ದು ಕಂಡು, ಎಳೆದರೆ ಚಪ್ಪಟೆಯಾದರೆ ಮೂರನೆಯದು. ಎಳೆದರೂ ಹೋಗದಿದ್ದರೆ ನಾಲ್ಕನೆಯದು. ಇವನದು ನಾಲ್ಕು. ಆ ದಿನವೇ ಫೋಟೋ ತೆಗೆದಿಟ್ಟೆವು. ಒಂದೇ ಗೋಡೆ, ಒಂದೇ ದೀಪ, ಮೂರು ಕೋನ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಮನಸ್ಸಿನ ನೆನಪನ್ನು ಈ ವಿಷಯದಲ್ಲಿ ನಂಬಬಾರದು, ಡಾಕ್ಟರದ್ದನ್ನೂ.

ಮೊದಲು ಮುಖ ತಣ್ಣಗಾಗಬೇಕು

"ನೋಡಪ್ಪ, ಈ ವರ್ಷ ಲೇಸರ್ ಇಲ್ಲ," ಎಂದೆ. ತಾಯಿಗೆ ಬೇಸರವಾಯಿತು. "ಮಗನಿಗೆ ಹೆಣ್ಣು ನೋಡೋಕೆ ಶುರು ಮಾಡ್ಬೇಕು ಮೇಡಂ, ಇನ್ನೊಂದು ವರ್ಷ ಅಂದ್ರೆ ಹೇಗೆ?" ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ಹೊಸ ಮೊಡವೆ ಏಳುತ್ತಿರುವವರೆಗೂ ಹೊಸ ಗುಳಿ ಬೀಳುತ್ತಲೇ ಇರುತ್ತದೆ. ಹಳೆಯದನ್ನು ತುಂಬಿಸಿ ಏನು ಬಂತು?

ಮೊದಲ ಕೆಲಸ ಸ್ಟೀರಾಯ್ಡ್ ಬಿಡಿಸುವುದು. ಏನಾಗುತ್ತದೆ ಎಂದು ಮುಂಚೆಯೇ ಹೇಳಿದ್ದೆ: ಮುಖ ಕೆಂಪಾಗುತ್ತದೆ, ಉರಿಯುತ್ತದೆ, ಮೊಡವೆ ಜಾಸ್ತಿಯಾಗುತ್ತದೆ, ಹೆದರಬೇಡ. ಹಾಗೇ ಆಯಿತು. ಏಪ್ರಿಲ್ ಪೂರ್ತಿ ಅವನಿಗೆ ಕಷ್ಟದ ತಿಂಗಳು. ಟ್ಯಾಕ್ರೋಲಿಮಸ್ ಎಂಬ ಸ್ಟೀರಾಯ್ಡ್ ಅಲ್ಲದ ಮುಲಾಮು, ಡಾಕ್ಸಿಸೈಕ್ಲಿನ್ ಮಾತ್ರೆ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಮೃದುವಾದ ಫೇಸ್‌ವಾಶ್. ಇಷ್ಟೇ. ಮಧ್ಯೆ ಒಂದು ರಾತ್ರಿ ಫೋನ್ ಮಾಡಿ, "ಹಳೇ ಕ್ರೀಮ್ ಒಂದೇ ಒಂದ್ಸಲ ಹಚ್ಚಲಾ ಮೇಡಂ?" ಎಂದು ಕೇಳಿದ. ಬೇಡ ಎಂದೆ, ಮಾರನೇ ದಿನ ಬಾ ಎಂದೆ. ಬಂದ, ಹಚ್ಚಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ಅವನು ಮಾಡಿದ ಅತಿ ಕಷ್ಟದ ಕೆಲಸ ಅದೇ ಎಂದು ನನಗೆ ಅನಿಸುತ್ತದೆ.

ಮೇ ಕೊನೆಗೆ ಉರಿ ಇಳಿಯಿತು. ರಕ್ತದ ಕೊಬ್ಬು ಮತ್ತು ಲಿವರ್ ಪರೀಕ್ಷೆ ಮಾಡಿಸಿ ಐಸೋಟ್ರೆಟಿನಾಯಿನ್ ಮಾತ್ರೆ ಕಡಿಮೆ ಪ್ರಮಾಣದಲ್ಲಿ, ದಿನಕ್ಕೆ 20 ಮಿಲಿಗ್ರಾಂ, ಶುರು ಮಾಡಿದೆ. ಗಂಟುಗಂಟಾದ ಮೊಡವೆಗೆ ಇದರಷ್ಟು ಗಟ್ಟಿಯಾದ ಔಷಧಿ ಇನ್ನೊಂದಿಲ್ಲ. ತುಟಿ ಒಡೆಯುತ್ತದೆ, ಕಣ್ಣು ಒಣಗುತ್ತದೆ. ತೆಗೆದುಕೊಳ್ಳುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ರಕ್ತದಾನ ಮಾಡಬಾರದು. ಮದ್ಯ ಬೇಡ. ಹೆಣ್ಣುಮಕ್ಕಳು ಓದುತ್ತಿದ್ದರೆ ಇದನ್ನು ಮರೆಯಬೇಡಿ: ಈ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಅಂಗದೋಷ ತರುತ್ತದೆ. ತೆಗೆದುಕೊಳ್ಳುವಾಗಲೂ, ನಿಲ್ಲಿಸಿ ಕನಿಷ್ಠ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು. ಅಕ್ಕನಿಗೆ ಬರೆದ ಚೀಟಿಯಲ್ಲಿ ತಂಗಿ ಕೊಂಡು ನುಂಗುವ ಔಷಧಿ ಇದಲ್ಲ.

ಕಪ್ಪು ಚೌಕಗಳಿಗೆ ಅಜೆಲಾಯಿಕ್ ಆಸಿಡ್ ಕ್ರೀಮ್ ಮತ್ತು ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಎಂದಾಗ ಹುಡುಗರು ನಾಚಿಕೊಳ್ಳುತ್ತಾರೆ. ಇವನೂ ನಾಚಿಕೊಂಡ. ಮಳೆಗಾಲದಲ್ಲಿ ಯಾಕೆ ಎಂಬುದು ಮುಂದಿನ ಪ್ರಶ್ನೆ. ಮೋಡ, ಮಂಜು ಇದ್ದರೂ ನೇರಳಾತೀತ ಕಿರಣದಲ್ಲಿ ಒಂದಷ್ಟು ಕೆಳಗೆ ಇಳಿದೇ ಇಳಿಯುತ್ತದೆ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಸನ್‌ಸ್ಕ್ರೀನ್ ಕೊಟ್ಟೆ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ನಮ್ಮ ಚರ್ಮ ಕಪ್ಪಾಗುತ್ತದೆ, ಅದನ್ನು ಇದು ತಡೆಯುತ್ತದೆ. ಕಲೆಯೂ ಸ್ವಲ್ಪ ಮುಚ್ಚಿದಂತಾಗುತ್ತದೆ ಎಂದು ಗೊತ್ತಾದ ಮೇಲೆ ಅವನು ಒಂದು ದಿನವೂ ತಪ್ಪಿಸಲಿಲ್ಲ.

ಆ ವರ್ಷದ ಕೊಯ್ಲು ಬಂತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಖ ಮುಟ್ಟಲಿಲ್ಲ. ಮಾತ್ರೆ ಜನವರಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಹೊಸ ಮೊಡವೆ ಪೂರ್ತಿ ನಿಂತಿತ್ತು, ಚೌಕಗಳು ಮಾಸಿದ್ದವು, ಚರ್ಮ ದಪ್ಪವಾಗಿ ಮೊದಲಿನ ಹದಕ್ಕೆ ಬಂದಿತ್ತು. ಐಸೋಟ್ರೆಟಿನಾಯಿನ್ ನಿಲ್ಲಿಸಿ ಆರು ತಿಂಗಳು ಕಾಯದೆ ಲೇಸರ್ ಮಾಡಬಾರದು ಎಂಬುದು ಹಳೆಯ ಮಾತು. 2017ರಲ್ಲಿ ಅಮೆರಿಕದ ಚರ್ಮತಜ್ಞರ ಒಂದು ತಂಡ, ಫ್ರಾಕ್ಷನಲ್ ಲೇಸರ್‌ಗೆ (ಚರ್ಮದಲ್ಲಿ ಸಣ್ಣ ಸಣ್ಣ ಚುಕ್ಕೆಗಳಷ್ಟಕ್ಕೇ ತಾಗುವ ಬಗೆ) ಅಷ್ಟು ಕಾಯಲೇಬೇಕು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ನಮಗೆ ಆ ಚರ್ಚೆಯೇ ಬೇಕಾಗಲಿಲ್ಲ. ಹೇಗೂ ಮಳೆ ಹಿಡಿಯುವ ಜೂನ್‌ವರೆಗೆ ಕಾಯುವುದಿತ್ತು, ಪೂರ್ತಿ ಮುಖದ ಲೇಸರ್‌ಗೆ ಜುಲೈ ಕೊನೆಯವರೆಗೆ.

ಜೂನ್ ಯಾಕೆ

ಕೊಡಗಿನಲ್ಲಿ ಹೊರಗೆ ದುಡಿಯುವವರ ಮುಖಕ್ಕೆ ಲೇಸರ್ ಮಾಡಿಸಲು ನನ್ನ ಪ್ರಕಾರ ಮಳೆಗಾಲವೇ ಸರಿ. ಕಣ ಖಾಲಿ. ಸೂರ್ಯ ಮುಖ ತೋರಿಸುವುದು ಅಪರೂಪ. ಧೂಳಿಲ್ಲ. ಕೊಯ್ಲಿನ ಹೊತ್ತಿನಷ್ಟು ಒತ್ತಡ ಇರುವುದಿಲ್ಲ, ರಜೆ ಕೇಳಿದರೆ ಸಿಗುತ್ತದೆ. ತೊಂದರೆಯೂ ಇದೆ. ಒದ್ದೆ ಬಟ್ಟೆ, ಒದ್ದೆ ಮಾಸ್ಕ್, ಹೆಲ್ಮೆಟ್‌ನ ಒಳಗಿನ ತೇವ, ಇವು ಹಸಿ ಗಾಯಕ್ಕೆ ಸೋಂಕು ತರುತ್ತವೆ. ರಸ್ತೆಯದ್ದು ಇನ್ನೊಂದು ಚಿಂತೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ದಾರಿ ಜೋಡುಪಾಲದ ಹತ್ತಿರ ಕುಸಿದು ತಿಂಗಳುಗಟ್ಟಲೆ ತೊಂದರೆಯಾಯಿತು. ಆ ನೆನಪಿರುವ ನಾನು ಮಳೆಗಾಲದಲ್ಲಿ ಘಟ್ಟ ಇಳಿಯುವ ಕಡೆ ಯಾರನ್ನೂ ಚಿಕಿತ್ಸೆಗೆ ಕಳಿಸುವುದಿಲ್ಲ. ನನ್ನಲ್ಲಿ ಲೇಸರ್ ಯಂತ್ರ ಇಲ್ಲ. ಮೈಸೂರಿನಲ್ಲಿ ನನಗೆ ಗೊತ್ತಿರುವ, ನಮ್ಮ ಬಣ್ಣದ ಚರ್ಮಕ್ಕೆ ಕೈ ಪಳಗಿರುವ ಡಾಕ್ಟರೊಬ್ಬರು ಇದ್ದಾರೆ. ಕುಶಾಲನಗರ, ಹುಣಸೂರು ಮೇಲೆ ನೇರ ದಾರಿ.

ಮೊದಲ ಎರಡು ಕೆಲಸ ಮಡಿಕೇರಿಯಲ್ಲೇ ಮಾಡಿದೆ.

ರೋಲಿಂಗ್ ತಗ್ಗುಗಳಿಗೆ ಸಬ್‌ಸಿಷನ್. ನಿಂತ ಭಂಗಿಯಲ್ಲೇ ಪೆನ್ನಿನಿಂದ ತಗ್ಗುಗಳಿಗೆ ಗುರುತು ಹಾಕಿದೆ, ಮಲಗಿಸಿದರೆ ಅವು ಕಾಣುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕ್ಯಾನುಲಾ ಎಂಬ ಮೊಂಡು ತುದಿಯ ಟೊಳ್ಳು ಸೂಜಿಯನ್ನು ಚರ್ಮದ ಕೆಳಗೆ ಇಳಿಸಿ, ಬೀಸಣಿಗೆಯ ಆಕಾರದಲ್ಲಿ ಆಚೀಚೆ ಆಡಿಸುತ್ತಾ ಹೋಗಬೇಕು. ನಾರಿನ ಎಳೆ ಸಿಕ್ಕಾಗ ಕೈಗೆ ತಡೆ ಸಿಗುತ್ತದೆ, ಹರಿದಾಗ ಗರ್ ಗರ್ ಎನ್ನುತ್ತದೆ. ಆ ಸದ್ದು ಅವನಿಗೂ ಕೇಳಿಸಿತು. "ನೋವಿಲ್ಲ ಮೇಡಂ, ಆದ್ರೆ ಸದ್ದು ಕೇಳೋಕಾಗಲ್ಲ," ಅಂದ. ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದೆವು. ಕೆನ್ನೆ ಒಂದು ವಾರ ನೀಲಿಯಾಗಿತ್ತು. ಈ ವಿಧಾನ 1995ರಿಂದ ಇದೆ, ಯಂತ್ರ ಬೇಡ, ಖರ್ಚು ಕಡಿಮೆ. ರೋಲಿಂಗ್ ಗುಳಿಗೆ ನಾನು ಇದನ್ನು ಲೇಸರ್‌ಗಿಂತ ಮೇಲೆ ಇಡುತ್ತೇನೆ. ಜಾಹೀರಾತಿನಲ್ಲಿ ಇದರ ಹೆಸರು ಅಷ್ಟಾಗಿ ಕಾಣುವುದಿಲ್ಲ.

ಐಸ್ ಪಿಕ್‌ಗಳಿಗೆ ಟಿಸಿಎ ಕ್ರಾಸ್. ಟ್ರೈಕ್ಲೋರೋಅಸಿಟಿಕ್ ಆಸಿಡ್ಡನ್ನು ಮೊನಚಾದ ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಒಂದೊಂದು ತೂತಿನ ಬುಡಕ್ಕೆ ಮಾತ್ರ ಮುಟ್ಟಿಸುವುದು. ತೂತಿನ ಅಂಚಿಗೆ ಹರಡಬಾರದು. ಕೆಲವೇ ಕ್ಷಣದಲ್ಲಿ ಆ ಚುಕ್ಕೆ ಬೆಳ್ಳಗಾಗುತ್ತದೆ. ಒಂದು ವಾರದಲ್ಲಿ ಹೊಪ್ಪಳೆ ಬಿದ್ದು, ಒಳಗಿನಿಂದ ಕೊಲ್ಯಾಜನ್ ತುಂಬುತ್ತಾ ಬರುತ್ತದೆ. 100 ಪ್ರತಿಶತದಷ್ಟು ತೀಕ್ಷ್ಣ ದ್ರಾವಣವನ್ನೂ ಇದಕ್ಕೆ ಬಳಸುತ್ತಾರೆ. ಇವನ ಬಣ್ಣ ನೋಡಿ ನಾನು 70ಕ್ಕೆ ನಿಂತೆ. ಮನೆಯಲ್ಲಿ ಆನ್‌ಲೈನ್ ಬಾಟಲಿ ತರಿಸಿ ಇದನ್ನು ಮಾಡಿಕೊಂಡು ಬಂದವರ ಮುಖ ನೋಡಿದ್ದೇನೆ. ದಯವಿಟ್ಟು ಬೇಡ.

ಅದೇ ಜೂನ್‌ನಲ್ಲಿ ಮೈಸೂರಿನಲ್ಲಿ ಒಂದು ಪರೀಕ್ಷೆ ಆಯಿತು. ಕಿವಿಯ ಮುಂದೆ, ಕೂದಲು ಮುಚ್ಚುವ ಕಡೆ, ಒಂದು ಸಣ್ಣ ಜಾಗಕ್ಕೆ ಮಾತ್ರ ಲೇಸರ್ ಬಿಟ್ಟು ಸುಮಾರು ಐದು ವಾರ ಕಾದೆವು. ಕಪ್ಪಾಗಲಿಲ್ಲ. ಆಮೇಲೆಯೇ ಪೂರ್ತಿ ಮುಖಕ್ಕೆ ಒಪ್ಪಿದ್ದು.

ಲೇಸರ್ ದಿನ

ಬಳಸಿದ್ದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ನಮ್ಮ ದೇಶದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಆಗ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದರು. ಈ ವಿಷಯ ಹೇಳಿದಾಗ ಹುಡುಗನಿಗೆ ಯಾಕೋ ಧೈರ್ಯ ಬಂತು. ಇದರ ಬೆಳಕಿನ ತರಂಗದ ಉದ್ದ 10,600 ನ್ಯಾನೋಮೀಟರ್, ಕಣ್ಣಿಗೆ ಕಾಣದ್ದು. ಚರ್ಮದಲ್ಲಿರುವ ನೀರು ಇದನ್ನು ಹೀರಿಕೊಂಡು ಆವಿಯಾಗುತ್ತದೆ. ಮೊದಲೆಲ್ಲ ಮೇಲಿನ ಪದರವನ್ನೇ ಪೂರ್ತಿ ತೆಗೆಯುತ್ತಿದ್ದರು. 2004ರಲ್ಲಿ ಫ್ರಾಕ್ಷನಲ್ ಎಂಬ ಹೊಸ ಯೋಚನೆ ಬಂತು. ಚರ್ಮದಲ್ಲಿ ಕೂದಲೆಳೆಯಷ್ಟು ಸಣ್ಣ ತೂತುಗಳ ಸಾಲು ಮಾತ್ರ ಕೊರೆದು, ನಡುವಿನ ಚರ್ಮವನ್ನು ಹಾಗೇ ಬಿಡುವುದು. ಬಿಟ್ಟ ಚರ್ಮ ಗಾಯವನ್ನು ಬೇಗ ಮುಚ್ಚುತ್ತದೆ.

ನಮ್ಮವರಿಗೆ ಮುಖ್ಯವಾದ ಗುಟ್ಟು ಇಲ್ಲೇ ಇದೆ. ಒಂದೊಂದು ತೂತಿನ ಆಳ ಒಂದು ಲೆಕ್ಕ, ತೂತುಗಳು ಎಷ್ಟು ಒತ್ತಾಗಿವೆ ಎಂಬುದು ಇನ್ನೊಂದು ಲೆಕ್ಕ. ಒತ್ತು ಜಾಸ್ತಿಯಾದರೆ ನಡುವಿನ ಚರ್ಮವೂ ಕಾಯುತ್ತದೆ, ಕಪ್ಪಾಗುವುದು ಹೆಚ್ಚಾಗಿ ಹಾಗೇ. ಆದ್ದರಿಂದ ಆಳ ಸಾಕಷ್ಟಿರಲಿ, ತೂತು ದೂರ ದೂರ ಇರಲಿ, ಒಂದೇ ಸಲ ಸವರಲಿ ಎಂದು ತೀರ್ಮಾನವಾಯಿತು. ಸೂಜಿಗಳ ಮೂಲಕ ಆಳಕ್ಕೆ ಬಿಸಿ ಕೊಡುವ ಮೈಕ್ರೋನೀಡ್ಲಿಂಗ್ ರೇಡಿಯೋಫ್ರೀಕ್ವೆನ್ಸಿಯನ್ನೂ ಯೋಚಿಸಿದ್ದೆವು. ಕಪ್ಪಾಗುವ ಭಯ ಅದರಲ್ಲಿ ಕಡಿಮೆ. ಇವನಿಗೆ ಬಾಕ್ಸ್ ಕಾರ್ ಗುಂಡಿಗಳ ಚೂಪು ಅಂಚು ಇಳಿಸುವುದು ಬೇಕಿತ್ತು, ಅದಕ್ಕೆ ಈ ಲೇಸರ್ ವಾಸಿ ಅನಿಸಿತು.

ಹಿಂದಿನ ದಿನದಿಂದಲೇ ಏಸೈಕ್ಲೋವಿರ್ ಮಾತ್ರೆ, ತುಟಿಯ ಸುತ್ತ ಬರುವ ಸರ್ಪಸುತ್ತಿನ ಜಾತಿಯ ಗುಳ್ಳೆ ಏಳದಿರಲಿ ಎಂದು. ಮರಗಟ್ಟುವ ಕ್ರೀಮ್ ಹಚ್ಚಿ ಒಂದು ಗಂಟೆ. ಕಣ್ಣಿಗೆ ಲೋಹದ ಮುಚ್ಚಳ. ಅಷ್ಟೆಲ್ಲ ಮಾಡಿದ ಮೇಲೆ ಲೇಸರ್ ಓಡಿದ್ದು ಕಾಲು ಗಂಟೆ. ಕೂದಲು ಸುಟ್ಟ ವಾಸನೆ, ಎಣ್ಣೆ ಸಿಡಿದಂಥ ಚುರುಕು, ತಣ್ಣನೆ ಗಾಳಿ ಊದುವ ಪೈಪ್. ಎರಡು ಗಂಟೆ ಉರಿ. ಬಸ್ಸಿನಲ್ಲಿ ಬರಬೇಡ ಎಂದಿದ್ದೆ, ಚಿಕ್ಕಪ್ಪ ಕಾರು ತಂದಿದ್ದರು.

ಮೂರನೇ ದಿನ ಮುಖದ ತುಂಬಾ ಕಾಫಿ ಪುಡಿ ಉದುರಿಸಿದ ಹಾಗೆ ಸಣ್ಣ ಕಂದು ಚುಕ್ಕೆಗಳು. ಕೆರೆಯಬಾರದು, ಉಜ್ಜಬಾರದು. ಉಪ್ಪು ನೀರಿನ ಬಟ್ಟೆ ಇಟ್ಟು ತಣಿಸುವುದು, ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ. ಏಳನೇ ದಿನಕ್ಕೆ ಎಲ್ಲ ತಾನಾಗಿ ಉದುರಿತು. ಅಲ್ಲಿಯವರೆಗೆ ಬೈಕ್ ಬೇಡ ಎಂದಿದ್ದೆ, ಹೆಲ್ಮೆಟ್‌ನ ಒಳಗಿನ ಸ್ಪಂಜು ಎರಡೂ ಕೆನ್ನೆಗೆ ಉಜ್ಜುತ್ತದೆ. ಮನೆಯವರು ಅರಿಶಿನ ಹಚ್ಚಲಾ ಎಂದು ಕೇಳಿದರು. ಅರಿಶಿನವೂ ಬೇಡ, ಏನೂ ಬೇಡ.

ಮೊದಲ ಲೇಸರ್ ಜುಲೈ ಕೊನೆಗೆ. ಎರಡನೆಯದು ಸೆಪ್ಟೆಂಬರ್ ನಡುವೆ, ಕೊಡವರ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಸಬ್‌ಸಿಷನ್ ಮತ್ತು ಕ್ರಾಸ್ ಇನ್ನೊಂದೊಂದು ಸಲ ಮಧ್ಯೆ ಆಯಿತು. ಮೂರನೇ ಲೇಸರ್ ಮಾಡಲಿಲ್ಲ. ಮಳೆ ಹಿಂದೆ ಸರಿಯುತ್ತಿತ್ತು.

ತುಲಾ ಸಂಕ್ರಮಣ

ಎಲ್ಲ ಸರಾಗ ನಡೆಯಿತು ಎಂದುಕೊಂಡಿದ್ದಾಗ ಅಕ್ಟೋಬರ್ ಕೊನೆಗೆ ಎಡಗೆನ್ನೆ ಕಪ್ಪಾಗಿಸಿಕೊಂಡು ಬಂದ. ತೀರ್ಥೋದ್ಭವಕ್ಕೆ ಮನೆಯವರೆಲ್ಲ ತಲಕಾವೇರಿಗೆ ಹೋಗಿದ್ದರು. ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು, ಸಾಲು ಉದ್ದ ಇತ್ತು. ಕೊಡೆಯನ್ನು ತಾಯಿಗೆ ಹಿಡಿದಿದ್ದ. ಸನ್‌ಸ್ಕ್ರೀನ್ ಬೆಳಗಿನ ಜಾವ ಹಚ್ಚಿದ್ದು, ಮತ್ತೆ ಹಚ್ಚಿರಲಿಲ್ಲ. "ನನ್ನಿಂದಲೇ ಆಯ್ತು ಮೇಡಂ," ಎಂದು ತಾಯಿ ಕಣ್ಣೀರು ಹಾಕಿದರು. "ಅಮ್ಮ, ಅಷ್ಟೆಲ್ಲ ಆಗಿಲ್ಲ, ಇದು ಹೋಗುತ್ತೆ," ಎಂದೆ. ಹಾಗೆ ಹೇಳಲು ಸಾಧ್ಯವಾದದ್ದು ಸ್ಟೀರಾಯ್ಡ್ ಇಲ್ಲದ, ಮೊಡವೆ ಇಲ್ಲದ ಚರ್ಮ ಅದಾಗಿತ್ತು ಎಂಬ ಕಾರಣಕ್ಕೆ. ಅಜೆಲಾಯಿಕ್ ಆಸಿಡ್ ಮತ್ತೆ ಶುರು ಮಾಡಿದೆವು. ಹಿಂದಿನ ಕಪ್ಪು ಚೌಕಗಳು ಮಾಸಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಗಿತ್ತು. ಇದು ಜನವರಿಯೊಳಗೆ ಹೋಯಿತು.

ಆ ಕೊಯ್ಲಿನಲ್ಲಿ ಅವನ ಯಜಮಾನರು ಕಣದ ಮೇಲ್ವಿಚಾರಣೆಯನ್ನು ಇನ್ನೊಬ್ಬರಿಗೆ ಕೊಟ್ಟು ಇವನನ್ನು ತೋಟದೊಳಗೆ ಹಾಕಿದರು. ನಾನು ಬರೆದುಕೊಟ್ಟ ಚೀಟಿಗೆ ಅಷ್ಟು ಬೆಲೆ ಕೊಟ್ಟದ್ದು ದೊಡ್ಡ ವಿಷಯ. ಎಷ್ಟೋ ಕಡೆ ಇದು ನಡೆಯುವುದಿಲ್ಲ.

ಈಗ ಎಲ್ಲಿದೆ

ಲೇಸರ್‌ನ ಫಲ ಮಾರನೇ ತಿಂಗಳು ಕಾಣುವುದಿಲ್ಲ. ಕೊಲ್ಯಾಜನ್ ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಎರಡನೇ ಲೇಸರ್ ಆಗಿ ಆರು ತಿಂಗಳಿಗೆ ಅದೇ ಗೋಡೆ, ಅದೇ ದೀಪದಲ್ಲಿ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟೆವು. ಬಲಗೆನ್ನೆ ನಾಲ್ಕನೇ ದರ್ಜೆಯಿಂದ ಎರಡಕ್ಕೆ ಇಳಿದಿತ್ತು. ಎಡಗೆನ್ನೆ ಮೂರಕ್ಕೆ. ರೋಲಿಂಗ್ ತಗ್ಗುಗಳಲ್ಲಿ ಹೆಚ್ಚಿನವು ಎದ್ದಿದ್ದವು. ಬಾಕ್ಸ್ ಕಾರ್‌ಗಳ ಅಂಚು ಮೃದುವಾಗಿತ್ತು, ತಳ ಪೂರ್ತಿ ಮೇಲೆ ಬಂದಿರಲಿಲ್ಲ. ಎಡ ಕಣತಲೆಯ ಎರಡು ಆಳ ಗುಂಡಿ ಹಾಗೇ ಇದ್ದವು. ಮೂಗಿನ ಪಕ್ಕದ ಐಸ್ ಪಿಕ್‌ಗಳಲ್ಲಿ ಕೆಲವು ಅರ್ಧ ತುಂಬಿದ್ದವು.

ಇದು ಒಳ್ಳೆಯ ಫಲ. ಇದಕ್ಕಿಂತ ಜಾಸ್ತಿ ಮಾತು ಕೊಡುವವರನ್ನು ನಂಬಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಗುಳಿ ಪೂರ್ತಿ ಅಳಿಸುವ ಲೇಸರ್ ಇಲ್ಲ. ಶುರುವಿನಲ್ಲೇ ಅವನಿಗೆ "ಅರ್ಧ ಕಡಿಮೆಯಾದರೆ ನಾನು ಗೆದ್ದೆ ಅಂದ್ಕೋತೀನಿ" ಎಂದಿದ್ದೆ. ಅವನು ಆ ಮಾತನ್ನು ನೆನಪಿಟ್ಟುಕೊಂಡಿದ್ದ. ಖರ್ಚಿನ ವಿಷಯವನ್ನೂ ಹೇಳಬೇಕು. ಇಂಥ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಬರುವುದಿಲ್ಲ, ಅಂದಕ್ಕೆ ಮಾಡಿಸಿದ್ದು ಎಂದು ಬದಿಗಿಡುತ್ತಾರೆ. ಇವನ ಮನೆಯವರಿಗೆ ಹೆಚ್ಚು ದುಡ್ಡು ಹೋದದ್ದು ಮುಖ ಕೆಡಿಸಿದ ಆ ಮೊದಲಿನ ಮೂರು ಲೇಸರ್‌ಗೇ.

ಮೊನ್ನೆ ಬಂದಾಗ ಮಾಸ್ಕ್ ಇರಲಿಲ್ಲ. ಇನ್ನೊಂದು ಲೇಸರ್ ಈಗಲೇ ಮಾಡಿಸಲಾ ಎಂದು ಕೇಳಿದ. ಏಪ್ರಿಲ್‌ನಲ್ಲಿ ಬೇಡ ಎಂದೆ. ಮಳೆ ಹಿಡಿದ ಮೇಲೆ ಮೂಗಿನ ಪಕ್ಕಕ್ಕೆ ಕ್ರಾಸ್ ಮತ್ತೊಂದು ಸಲ ಮಾಡುತ್ತೇನೆ. ಎಡಗೆನ್ನೆಗೆ ಇನ್ನೊಂದು ಲೇಸರ್ ಬೇಕೋ ಬೇಡವೋ ಎಂದು ಆಗ ಟಾರ್ಚ್ ಹಿಡಿದು ನೋಡಿ ಹೇಳುತ್ತೇನೆ. ಕಣತಲೆಯ ಆ ಎರಡು ಗುಂಡಿಗಳನ್ನು ಪಂಚ್ ಎಂಬ ಗುಂಡನೆಯ ಬ್ಲೇಡಿನಿಂದ ಕತ್ತರಿಸಿ ಹೊಲಿಗೆ ಹಾಕಬಹುದು ಎಂದಾಗ ಅವನು, "ಅವೆರಡು ಇರಲಿ ಬಿಡಿ ಮೇಡಂ," ಅಂದ. ರಾತ್ರಿ ಮೊಡವೆ ತಡೆಯುವ ಅಡಾಪಲೀನ್ ಜೆಲ್, ಹಗಲು ಸನ್‌ಸ್ಕ್ರೀನ್ ಮುಂದುವರಿಯುತ್ತಿದೆ. ಜೂನ್ ಎರಡನೇ ವಾರಕ್ಕೆ ಬರಲು ಹೇಳಿದ್ದೇನೆ.